ಎಆರ್‌ಟಿ ಮಾತ್ರೆ, ಕೆಟ್ಟ ನಿದ್ದೆ, ಮಂಕಾದ ಮನಸ್ಸು: ಮನೆಯವರು ಮಾಡಬೇಕಾದ್ದು

ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲಿ ನಿದ್ದೆ ಬಾರದಿದ್ದರೆ ಎಲ್ಲವನ್ನೂ ಚಿಂತೆಯ ಮೇಲೆ ಹಾಕಬೇಡಿ. ಈಗ ಹೆಚ್ಚಿನವರಿಗೆ ಕೊಡುವ ಟಿಎಲ್‌ಡಿ ಎಂಬ, ಮೂರು ಔಷಧ ಸೇರಿದ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧ ಕೆಲವರ ನಿದ್ದೆ ಕೆಡಿಸುತ್ತದೆ. ರಾತ್ರಿ ನುಂಗುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಎಆರ್‌ಟಿ ಕೇಂದ್ರದಲ್ಲಿ ಕೇಳಿ, ನೀವಾಗಿ ನಿಲ್ಲಿಸಬೇಡಿ.

2 ವಾರ ಹೆಚ್ಚಿನ ದಿನ ಮಂಕು ಕವಿದಿದ್ದರೆ, ಇಷ್ಟದ ಕೆಲಸವೂ ಬೇಡವೆನಿಸಿದರೆ ಅದು ಖಿನ್ನತೆ ಇರಬಹುದು. ಅದರ ಗುರುತು ಎಷ್ಟೋ ಸಲ ಮಾತ್ರೆ ಡಬ್ಬಿಯಲ್ಲೇ ಸಿಗುತ್ತದೆ: ತಿಂಗಳು ಮುಗಿದರೂ ತಳದಲ್ಲಿ ನಾಲ್ಕೈದು ಮಾತ್ರೆ ಉಳಿದಿರುತ್ತವೆ. ಆಗ ಗದರಿದರೆ ಮುಂದಿನ ತಿಂಗಳು ಉಳಿದ ಮಾತ್ರೆ ಮೋರಿಗೆ ಹೋಗುತ್ತದೆ, ಡಬ್ಬಿ ಖಾಲಿ ಕಾಣುತ್ತದೆ. "ಯಾವ ಹೊತ್ತಲ್ಲಿ ತಗೊಳ್ಳೋದು ಕಷ್ಟ ಆಗ್ತಿದೆ?" ಎಂದು ಕೇಳಿ.

ನೋಡಿಕೊಳ್ಳುವವರು ಗುಟ್ಟನ್ನು ಒಬ್ಬರೇ ಹೊತ್ತು ಸವೆಯುತ್ತಾರೆ. ಕಾಯಿಲೆಯವರ ಒಪ್ಪಿಗೆ ಪಡೆದೇ ನಂಬಿಕಸ್ಥರೊಬ್ಬರಿಗೆ ತಿಳಿಸಿ. ವಾರಕ್ಕೆ ಅರ್ಧ ದಿನವಾದರೂ ಆರೈಕೆಯನ್ನು ಅವರಿಗೆ ವಹಿಸಿ ಹೊರಗೆ ಹೋಗಿಬನ್ನಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416, ಎಚ್‌ಐವಿ ಪ್ರಶ್ನೆಗಳಿಗೆ ಸಹಾಯವಾಣಿ 1097.

ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ಕೀಟನಾಶಕ, ಹೆಚ್ಚುವರಿ ಮಾತ್ರೆಗಳನ್ನು ಮನೆಯಿಂದಾಚೆ ಇಟ್ಟು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.