ಏಟು ಎಣಿಸುವುದನ್ನು ಬಿಟ್ಟು ಕಾರ್ಡ್ ಎಣಿಸಿದೆ

ಟೋಕನ್ ಹಲಗೆಯಿಲ್ಲದೆ (ಹೇಳಿದ್ದು ಮಾಡಿದಾಗಲೆಲ್ಲ ಒಂದು ಬಿಲ್ಲೆ ಅಂಟಿಸಿ, ಕೊನೆಗೆ ಬಹುಮಾನ ಕೊಡುವ ಹಲಗೆ), ತನಗೆ ತಾನೇ ಹೊಡೆದುಕೊಳ್ಳುವ ಈ ಹುಡುಗ ಕೂರುವುದಿಲ್ಲ ಎಂದು ನನ್ನ ಹಿರಿಯ ಸಹೋದ್ಯೋಗಿಗಳು ಪಂದ್ಯ ಕಟ್ಟುವುದೊಂದು ಬಾಕಿ ಇತ್ತು. ಈಗ ಅವನ ಏಳೆಂಟು ತಿಂಗಳ ಗ್ರಾಫ್ ನನ್ನ ಗೋಡೆಯ ಮೇಲಿದೆ. ಅದರ ಮುಂದೆ ಬಂದು ನಿಲ್ಲುವವರು ಅವರೇ.

ಹುಡುಗನಿಗೆ ಒಂಬತ್ತು ವರ್ಷ, ಮಾತಿಲ್ಲ. ಅಂಗೈಯಿಂದ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದ. ಕಿವಿ, ಹಲ್ಲು ಎಲ್ಲವನ್ನೂ ವೈದ್ಯರಿಗೆ ತೋರಿಸಿ, ನೋವಿನ ಕಾರಣವಿಲ್ಲ ಎಂದು ತಿಳಿದ ಮೇಲೆಯೇ ಕೆಲಸ ಶುರು ಮಾಡಿದ್ದು. ಈ ಹೆಜ್ಜೆಯನ್ನು ಹಾರಿಸುವವರು ನಮ್ಮಲ್ಲೂ ಇದ್ದಾರೆ.

ಮೊದಲ ಎರಡು ತಿಂಗಳು ದಂಡವಾದವು. ಟೋಕನ್‌ಗಳು, ಬಹುಮಾನದ ಆಟಿಕೆಗಳು, ಗೋಡೆಗೆ ಹಾಕಿಸಿದ ಕ್ಯಾಮೆರಾ, ದತ್ತಾಂಶ ದಾಖಲಿಸುವ ಆ್ಯಪ್‌ನ ಚಂದಾ ಎಲ್ಲ ಸೇರಿ ಸುಮಾರು ಒಂದೂವರೆ ತಿಂಗಳ ಸಂಬಳ ನನ್ನ ಕೈಯಿಂದಲೇ ಹೋಯಿತು. ಹುಡುಗ ಟೋಕನ್‌ಗಳನ್ನು ಬಾಯಿಗೆ ಹಾಕಿಕೊಂಡ. ಕ್ಯಾಮೆರಾದಲ್ಲಿ ಸಿಕ್ಕಿದ್ದು ಅವನ ಬೆನ್ನು ಮಾತ್ರ. ಕೊನೆಗೆ ಎಡ ಜೇಬಿನ ಮಣಿಗಳನ್ನು ಬಲ ಜೇಬಿಗೆ ಹಾಕುತ್ತಾ ಎಣಿಸಿದೆ. ಖರ್ಚಿಲ್ಲ, ಮಗುವಿನ ಕಣ್ಣಿಗೂ ಬೀಳುವುದಿಲ್ಲ.

ಎಣಿಕೆಯೂ ಸಲೀಸಾಗಲಿಲ್ಲ. ನಾನೂ ಶಿಕ್ಷಕಿಯೂ ಬೇರೆ ಬೇರೆ ಕೂತು ಎಣಿಸಿದರೆ ಲೆಕ್ಕ ನೂರಕ್ಕೆ ಅರವತ್ತರಷ್ಟೂ ತಾಳೆಯಾಗುತ್ತಿರಲಿಲ್ಲ. ಹುಡುಗ ಕೆನ್ನೆ ಸವರಿಕೊಂಡದ್ದನ್ನೂ ಅವರು ಏಟೆಂದು ಬರೆಯುತ್ತಿದ್ದರು. 'ಒಂದು ಗೇಣಿಗಿಂತ ದೂರದಿಂದ ಬಂದ ಅಂಗೈ' ಎಂದು ತಿದ್ದಿದ ಮೇಲೆ ಎಂಬತ್ತೈದರ ಆಸುಪಾಸಿಗೆ ಬಂತು. ಬೇಸ್‌ಲೈನ್ (ಕಲಿಸುವ ಮುಂಚಿನ ಲೆಕ್ಕ) ಗಂಟೆಗೆ ನಲವತ್ತು ಏಟು, ಕೆಟ್ಟ ದಿನ ಅರವತ್ತು.

'ಗಮನ ಸೆಳೆಯಲು ಮಾಡುತ್ತಾನೆ' ಎಂಬುದು ಎಲ್ಲರ ತೀರ್ಪು. ವರ್ತನೆಯ ಕಾರಣ ಹುಡುಕಲು ಸಂಶೋಧಕ ಇವಾಟ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದಂತೆ ಗಮನ, ಕೆಲಸದ ಒತ್ತಾಯ, ಆಟ, ಏಕಾಂತ ಎಂದು ಬೇರೆ ಬೇರೆ ಸನ್ನಿವೇಶಗಳನ್ನು ನಡೆಸಲು ನಮಗೆ ಕೋಣೆಯೂ ಇಲ್ಲ, ಆಳೂ ಇಲ್ಲ. ತರಗತಿಯ ನಡುವೆಯೇ ಎರಡೆರಡು ನಿಮಿಷದ ಪರೀಕ್ಷೆಗಳನ್ನು ತೂರಿಸಿದೆ. ಗಮನ ಕಸಿದುಕೊಂಡಾಗ ಅವನು ತನ್ನ ಪಾಡಿಗೆ ಕೂತಿದ್ದ. ಕೆಲಸ ಮುಂದಿಟ್ಟ ಕೂಡಲೇ ಕೈ ಮೇಲೇಳುತ್ತಿತ್ತು. ಪಕ್ಕದಲ್ಲೊಂದು ಸಣ್ಣ ಪ್ರಯೋಗವನ್ನೂ ಮಾಡಿದೆ. ಪೋಣಿಸಲು ಐದೇ ಮಣಿ ಇಟ್ಟರೆ ಏಟು ಕಡಿಮೆ, ಬುಟ್ಟಿ ತುಂಬಾ ಇಟ್ಟರೆ ವಿಪರೀತ. ಬುಟ್ಟಿಯಿಂದ ಪೋಣಿಸಲು ಹೇಳಿದ್ದೂ ಐದೇ ಮಣಿ! ಕೆಲಸಕ್ಕಿಂತ, ಅದು ಮುಗಿಯುವುದು ಯಾವಾಗ ಎಂದು ಕಾಣದಿರುವುದೇ ಅವನನ್ನು ಕೆಡಿಸುತ್ತಿತ್ತು.

ಆಮೇಲಿನದು ಸಂಶೋಧಕರಾದ ಕಾರ್ ಮತ್ತು ಡುರಾಂಡ್ 1985ರಲ್ಲಿ ತೋರಿಸಿದ ದಾರಿ: ಏಟು ಮಾಡುತ್ತಿದ್ದ ಕೆಲಸವನ್ನೇ ಮಾಡುವ ಸಂವಹನವನ್ನು ಕಲಿಸುವುದು. ಚಾಚಿದ ಅಂಗೈಯ ಚಿತ್ರವಿರುವ ಒಂದು ಕಾರ್ಡ್. ಅದನ್ನು ಕೊಟ್ಟರೆ ಕೆಲಸ ಅರ್ಧ ನಿಮಿಷ ದೂರ ಸರಿಯುತ್ತದೆ. ನಾಲ್ಕನೆಯ ದಿನ ಏಟಿಗೆಂದು ಎತ್ತಿದ ಕೈ ಕೆನ್ನೆಯ ಹತ್ತಿರ ನಿಂತಿತು. ಬೆರಳು ಮಡಚಿಕೊಂಡವು, ಕೈ ಇಳಿಯಿತು, ಕಾರ್ಡ್‌ನ ಅಂಚು ಹಿಡಿಯಿತು. ಪ್ರಾಂಪ್ಟ್ ಮಾಡಲು (ಅವನ ಕೈಯನ್ನು ಕಾರ್ಡಿನತ್ತ ನಡೆಸಲು) ಹಿಂದೆ ನಿಂತಿದ್ದ ಸಹಾಯಕಿ ಕೈ ಹಿಂದಕ್ಕೆ ತೆಗೆದುಕೊಂಡರು.

ಆ ವಾರ ದಿನಕ್ಕೆ ಎಪ್ಪತ್ತು ಸಲ ಕಾರ್ಡ್ ಬಂತು. 'ಇದು ಪಾಠವೋ, ವಿಶ್ರಾಂತಿ ಗೃಹವೋ' ಎಂದು ಸಹೋದ್ಯೋಗಿಗಳು ನಕ್ಕರು. ನಗಲಿ, ಪ್ರತಿಸಲವೂ ವಿರಾಮ ಕೊಟ್ಟೆ. ಆಮೇಲೆ ಕಾಯುವ ಅವಧಿಯನ್ನು ಹಿಗ್ಗಿಸಿದೆ: ಎರಡು ಮಣಿ ಪೋಣಿಸಿದ ಮೇಲೆ ವಿರಾಮ, ಆಮೇಲೆ ನಾಲ್ಕು, ಹತ್ತು. ಯಾವಾಗ ಹಿಗ್ಗಿಸಬೇಕು, ಯಾವಾಗ ಹಿಂದೆ ಬರಬೇಕು ಎಂಬುದಕ್ಕೆ ನನ್ನದೇ ಒಂದು ಗುಟ್ಟಿನ ಲೆಕ್ಕವಿದೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಮೂರನೆಯ ತಿಂಗಳಿಗೆ ತರಗತಿಯಲ್ಲಿ ಗಂಟೆಗೆ ಮೂರೋ ನಾಲ್ಕೋ ಏಟು.

ಬೀಗುತ್ತಾ ತಾಯಿಗೆ ಗ್ರಾಫ್ ತೋರಿಸಿದೆ. 'ನಿಮ್ಮಲ್ಲಿ ಸರಿಯಾಗಿದ್ದಾನೆ, ಮನೆಯಲ್ಲಿ ಹಾಗೆಯೇ ಇದ್ದಾನೆ' ಎಂದರು. ಕಲಿಸಿ, ಉಳಿದೆಡೆಗೂ ಹರಡೀತೆಂದು ಹಾರೈಸುತ್ತಾ ಕೂರುವುದನ್ನು ಸ್ಟೋಕ್ಸ್ ಮತ್ತು ಬೇಯರ್ 1977ರಲ್ಲೇ ಗೇಲಿ ಮಾಡಿದ್ದರು. ಅದನ್ನು ಇತರರಿಗೆ ಪಾಠ ಹೇಳಿದವನು ನಾನು! ವುಲ್ಫ್ 1978ರಲ್ಲಿ ಬರೆದ ಸಾಮಾಜಿಕ ಸಿಂಧುತ್ವವೂ (ಆದ ಬದಲಾವಣೆ ಆ ಮನೆಯವರಿಗೆ ಬೇಕಾದದ್ದೇ ಎಂಬ ಪ್ರಶ್ನೆ) ನನಗೆ ಅಲ್ಲಿಯತನಕ ವರದಿಯ ಕೊನೆಗೆ ಅಂಟಿಸುವ ಒಂದು ಪ್ರಶ್ನಾವಳಿಯಷ್ಟೇ ಆಗಿತ್ತು. ಅಂದು ಮೊದಲ ಸಲ 'ನಿಮಗೆ ಏನಾಗಬೇಕು' ಎಂದು ತಾಯಿಯನ್ನು ಕೇಳಿದೆ. ಏಟಿನ ಸಂಖ್ಯೆ ಅವರ ಬಾಯಿಂದ ಬರಲೇ ಇಲ್ಲ. 'ಇವನೊಡನೆ ಒಂದು ಊಟವನ್ನು ಎದ್ದೇಳದೆ ಮುಗಿಸಬೇಕು' ಎಂದರು.

ಗುರಿ ಬದಲಾಯಿತು. ಮನೆಯಲ್ಲಿ ತಾಯಿ, ಅಜ್ಜಿ, ಅಣ್ಣ ಮೂವರೂ ಕಾರ್ಡ್ ತೆಗೆದುಕೊಳ್ಳಲು ಕಲಿತರು. ನಾನು ಎಣಿಸಿದ್ದು ತಾವಾಗಿಯೇ ಬಂದ ಕಾರ್ಡ್‌ಗಳನ್ನೂ ಎದ್ದೇಳದೆ ಮುಗಿದ ಊಟಗಳನ್ನೂ. ಕಾರ್ಡನ್ನು ಕೆಲಕಾಲ ಹಿಂತೆಗೆದು, ಬದಲಾವಣೆ ಅದರಿಂದಲೇ ಆಯಿತೆಂದು ಸಾಬೀತುಪಡಿಸಬೇಕೆಂದಿದ್ದೆ. ತಾಯಿ ಒಪ್ಪಲಿಲ್ಲ, ಒಪ್ಪದಿದ್ದದ್ದೇ ಸರಿ. ತರಗತಿ, ಮನೆ, ಶಾಲಾ ವಾಹನ ಎಂದು ಬಹು ಬೇಸ್‌ಲೈನ್ ವಿನ್ಯಾಸಕ್ಕೆ ಬದಲಿಸಿದೆ: ಒಂದೊಂದು ಜಾಗದಲ್ಲಿ ಒಂದೊಂದು ಹೊತ್ತಿಗೆ ಕಾರ್ಡ್ ಶುರು ಮಾಡಿ ಹೋಲಿಸುವುದು. ಕಾರ್ಡ್ ತಲುಪಿದ ಜಾಗದಲ್ಲಷ್ಟೇ, ತಲುಪಿದ ವಾರದಲ್ಲೇ ಏಟಿನ ಗೆರೆ ಇಳಿಯಿತು. ಹಿರಿಯರು ಗೋಡೆಯ ಮುಂದೆ ನಿಲ್ಲುವುದು ಇದನ್ನು ನೋಡಲೆಂದೇ.

ಈಗ ವಾರಕ್ಕೆ ಐದಾರು ಊಟಗಳು ಸಲೀಸಾಗಿ ಮುಗಿಯುತ್ತಿವೆ. ವಾಹನದಲ್ಲಿ ಮಾತ್ರ ರಜೆ ಮುಗಿದ ಮರುದಿನ ಏಟು ಮತ್ತೆ ಹತ್ತಕ್ಕೆ ಏರುತ್ತದೆ. ಚಾಲಕರೂ ಒಂದು ಕಾರ್ಡ್ ಇಟ್ಟುಕೊಂಡಿದ್ದಾರೆ. ಗಾಡಿ ಓಡಿಸುತ್ತಾ ಅದನ್ನು ತೆಗೆದುಕೊಳ್ಳುವುದು ಹೇಗೆ ಎಂಬುದು ಇನ್ನೂ ಬಗೆಹರಿದಿಲ್ಲ.