ಪದ ಮೊದಲು, ತಾಳ ಆಮೇಲೆ: ನನಗೆ ಹೊಂದುವ ಸಾಫ್ಟ್‌ವೇರ್ ಸಿಕ್ಕಿದ್ದು ಹೀಗೆ

ನಾನು ಗಂಗಾವತಿಯವನು. ಹವ್ಯಾಸಿ ನಾಟಕಗಳಿಗೆ, ಗೆಳೆಯರ ಕಿರುಚಿತ್ರಗಳಿಗೆ ಧಾಟಿ ಹಾಕುತ್ತೇನೆ. ಚಿಕ್ಕಂದಿನಿಂದ ಹಾರ್ಮೋನಿಯಂ ನುಡಿಸಿಕೊಂಡು ಬಂದವನು. ಈಗ ಐದಾರು ವರ್ಷಗಳಿಂದ ಲ್ಯಾಪ್‌ಟಾಪಿನಲ್ಲೇ ರೆಕಾರ್ಡಿಂಗ್, ಮಿಕ್ಸಿಂಗ್ ಮಾಡುತ್ತಿದ್ದೇನೆ.

"ಯಾವ ಸಾಫ್ಟ್‌ವೇರ್ ಒಳ್ಳೇದು?" ಅಂತ ಹುಡುಗರು ನನ್ನನ್ನು ಕೇಳುತ್ತಾರೆ. ನಾನೂ ಅವರಿವರನ್ನು ಕೇಳಿದ್ದು ಇದನ್ನೇ. ಆ ಪ್ರಶ್ನೆಯಿಂದ ನನ್ನ ಎರಡು ವರ್ಷ ಹೋಯಿತು. ನಾನು ಕೇಳಿಕೊಳ್ಳಬೇಕಾಗಿದ್ದು ಬೇರೆ: ನನಗೆ ಹಾಡು ಎಲ್ಲಿಂದ ಶುರುವಾಗುತ್ತದೆ?

ನನಗೆ ಅದು ಗಂಟಲಿನಿಂದ ಶುರುವಾಗುತ್ತದೆ. ಗಾಡಿ ಓಡಿಸುವಾಗ ಒಂದು ಸಾಲು ಬರುತ್ತದೆ. ನಿಲ್ಲಿಸಿ ಫೋನಿನಲ್ಲಿ ಗುನುಗಿ ಇಟ್ಟುಕೊಳ್ಳುತ್ತೇನೆ. ಮನೆಗೆ ಬಂದು ಹಾರ್ಮೋನಿಯಂ ಮೇಲೆ ಹುಡುಕುತ್ತೇನೆ. ತಾಳ ಆಮೇಲೆ ಬರುತ್ತದೆ. ಎಷ್ಟೋ ಸಲ ಪಲ್ಲವಿ ಪೂರ್ತಿ ಆದಮೇಲೇ ಅದು ಆರು ಮಾತ್ರೆಯದೋ ಏಳು ಮಾತ್ರೆಯದೋ ಅಂತ ಗೊತ್ತಾಗುತ್ತದೆ.

ನಾನು ಮೊದಲು ಹಿಡಿದದ್ದು ಎಫ್ಎಲ್ ಸ್ಟುಡಿಯೊ. ಸುತ್ತಮುತ್ತ ಎಲ್ಲರ ಹತ್ತಿರ ಅದೇ ಇತ್ತು. ತೆರೆದ ಕೂಡಲೇ ಸಾಲಾಗಿ ಹದಿನಾರು ಮನೆಗಳು ಕಾಣುತ್ತವೆ. ಬೇಕಾದ ಮನೆ ಒತ್ತಿದರೆ ಅಲ್ಲಿ ಡ್ರಮ್ ಬೀಳುತ್ತದೆ. ಎರಡು ನಿಮಿಷಕ್ಕೆ ಕುಣಿಯುವಂಥ ಬೀಟ್ ತಯಾರು. ಆದರೆ ಬೀಟ್ ಓಡತೊಡಗಿದ ಮೇಲೆ ನನ್ನ ಧಾಟಿ ಅದರ ಅಳತೆಗೆ ತಗ್ಗಿ ನಡೆಯುತ್ತಿತ್ತು. ಮೂರು ತಿಂಗಳು ಕೂತು ಮಾಡಿದ ಹಾಡುಗಳನ್ನು ಒಂದು ದಿನ ಸಾಲಾಗಿ ಕೇಳಿದೆ. ಎಲ್ಲವೂ ನಾಲ್ಕು ಮಾತ್ರೆಯವು. ಎಲ್ಲದರ ವೇಗವೂ ಹೆಚ್ಚುಕಡಿಮೆ ಒಂದೇ. ಫೋನಿನಲ್ಲಿ ಗುನುಗಿ ಇಟ್ಟದ್ದರಲ್ಲಿ ಒಂದೂ ಹಾಗೆ ಇರಲಿಲ್ಲ.

ಅದು ಸಾಫ್ಟ್‌ವೇರಿನ ತಪ್ಪಲ್ಲ. ಎಫ್ಎಲ್ ಸ್ಟುಡಿಯೊ 1997ರಲ್ಲಿ ಫ್ರೂಟಿಲೂಪ್ಸ್ ಅನ್ನುವ ಹೆಸರಲ್ಲಿ ಶುರುವಾಯಿತು. ತಾಳದ ತುಣುಕು ಜೋಡಿಸುವುದೇ ಅದರ ಹುಟ್ಟುಗುಣ. 2018ರಲ್ಲಿ ಬಂದ 20ನೇ ಆವೃತ್ತಿಯಿಂದ ಏಳು ಮಾತ್ರೆ, ಐದು ಮಾತ್ರೆಯನ್ನೂ ಸರಿಯಾಗಿ ಕೂರಿಸಬಹುದು. ಆದರೂ ಅದು ಮೊದಲು ಕೇಳುವುದು "ತಾಳ ಯಾವುದು?" ಅಂತ. ನನ್ನ ಹತ್ತಿರ ಆ ಹೊತ್ತಿಗೆ ಉತ್ತರ ಇರುವುದಿಲ್ಲ.

ಇದು ನಿಚ್ಚಳವಾಗಿ ಗೊತ್ತಾದದ್ದು ಮೊಹರಂ ಪದಗಳನ್ನು ರೆಕಾರ್ಡ್ ಮಾಡಲು ಹೋದಾಗ. ನಮ್ಮ ಕಡೆ, ಅದರಲ್ಲೂ ಮುದಗಲ್ಲಿನ ಸುತ್ತ, ಮೊಹರಂ ಅಂದರೆ ಕರ್ಬಲಾದ ಕಥೆ ಹೇಳುವ ರಿವಾಯತ್ ಪದ (ಹಾಡು), ಹೆಜ್ಜೆ ಕುಣಿತ, ಹಲಗೆ. ಒಬ್ಬ ಹಿರಿಯ ಹಾಡುಗಾರರನ್ನು ಮನೆಗೆ ಕರೆದೆ. ಇಯರ್‌ಫೋನ್ ಕೊಟ್ಟು ಕ್ಲಿಕ್ ಹಾಕಿದೆ, ಅಂದರೆ ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ತಾಳದ ಸದ್ದು. ಎರಡು ಸಾಲು ಹಾಡಿ ನಿಲ್ಲಿಸಿದರು.

"ತಮ್ಮಾ, ಇದು ಗಡಿಯಾರ ಹೊಡದಂಗ ಹೊಡೀತದ. ಇದರ ಕೂಡ ನಾ ಹ್ಯಾಂಗ ಹಾಡ್ಲಿ?"

ಕ್ಲಿಕ್ ತೆಗೆದು ಸುಮ್ನೆ ಹಾಡಲು ಬಿಟ್ಟೆ. ಮೊದಲ ನುಡಿ ನಿಧಾನ, ಹಿಮ್ಮೇಳದವರು ಎತ್ತಿಕೊಂಡಾಗ ವೇಗ, ಕೊನೆಯ ನುಡಿಗೆ ಇನ್ನೂ ವೇಗ. ಆ ಏರಿಳಿತ ತಪ್ಪಲ್ಲ, ಅದೇ ಪದ. ಆಮೇಲೆ ಹಲಗೆಯ ಪೆಟ್ಟುಗಳನ್ನು ಕ್ವಾಂಟೈಸ್ ಮಾಡಿ, ಅಂದರೆ ಪರದೆಯ ಮೇಲಿನ ಸಮ ಅಳತೆಯ ತಾಳದ ಗೆರೆಗಳಿಗೆ ಕೂರಿಸಿ ನೋಡಿದೆ. ಜೀವ ಹೋಯಿತು. ಹಲಗೆಯವನು ಒಂದು ಪೆಟ್ಟನ್ನು ಕೂದಲೆಳೆಯಷ್ಟು ತಡೆದು ಹೊಡೆಯುತ್ತಾನೆ. ಕುಣಿಯುವವನ ಕಾಲು ಎದ್ದೇಳುವುದೇ ಅಲ್ಲಿ.

ಆ ವಾರ ಒಂದು ಪರೀಕ್ಷೆ ಮಾಡಿದೆ. ಒಂದೇ ಪದ ತೆಗೆದುಕೊಂಡೆ. ದಿನಕ್ಕೊಂದು ಸಾಫ್ಟ್‌ವೇರಿನ ಟ್ರಯಲ್ ತೆರೆದೆ. ತೆರೆದ ಹೊತ್ತಿನಿಂದ ಪದದ ಮೊದಲ ನುಡಿ ಒಳಗೆ ಬೀಳುವವರೆಗೆ ನಾನು ಎಷ್ಟು ಸಲ ಹಾಡು ಬಿಟ್ಟು ಬೇರೆ ಯೋಚನೆ ಮಾಡಬೇಕಾಯಿತು ಅಂತ ಚೀಟಿಯಲ್ಲಿ ಬರೆದೆ. ಸೌಂಡ್ ಕ್ವಾಲಿಟಿ ನೋಡಲಿಲ್ಲ. ಅದೇ ಮೈಕು, ಅದೇ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಇದ್ದರೆ ರೆಕಾರ್ಡ್ ಆದ ದನಿ ಎಲ್ಲದರಲ್ಲೂ ಒಂದೇ. ಇದನ್ನು ಹುಡುಗರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಏಬಲ್‌ಟನ್ ಲೈವ್ ನನಗೆ ಇಷ್ಟವಾಯಿತು, ಆದರೆ ನನ್ನದಲ್ಲ ಅನಿಸಿತು. ಅದರ ಸೆಷನ್ ವ್ಯೂನಲ್ಲಿ ಸಣ್ಣ ಸಣ್ಣ ಕ್ಲಿಪ್‌ಗಳು. ಯಾವುದನ್ನು ಯಾವಾಗ ಬೇಕಾದರೂ ಒತ್ತಿ ಓಡಿಸಬಹುದು. ತುಣುಕುಗಳಲ್ಲಿ ಯೋಚಿಸುವವರಿಗೆ, ವೇದಿಕೆಯ ಮೇಲೆ ನುಡಿಸುವವರಿಗೆ ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಕೀಬೋರ್ಡ್ ಅಥವಾ ಇಂಟರ್‌ಫೇಸ್ ಕೊಂಡಾಗ ಅದರ ಲೈಟ್ ಆವೃತ್ತಿ ಎಷ್ಟೋ ಸಲ ಜೊತೆಗೇ ಬರುತ್ತದೆ, ಡಬ್ಬಿಯೊಳಗಿನ ಚೀಟಿ ಎಸೆಯಬೇಡಿ. ಲಾಜಿಕ್ ಪ್ರೊದಲ್ಲಿ 2018ರಿಂದ ಸ್ಮಾರ್ಟ್ ಟೆಂಪೊ ಇದೆ. ನಾವು ಹಾಡಿದ ವೇಗವನ್ನು ಅದೇ ಹಿಡಿದುಕೊಳ್ಳುತ್ತದೆ. ನನಗೆ ಬೇಕಾದದ್ದೇ. ಆದರೆ ಅದಕ್ಕೆ ಮ್ಯಾಕ್ ಬೇಕು, ನನ್ನದು ವಿಂಡೋಸ್ ಲ್ಯಾಪ್‌ಟಾಪ್. ಮ್ಯೂಸ್‌ಸ್ಕೋರ್ ಉಚಿತ. ಪಾಶ್ಚಾತ್ಯ ಸ್ವರಲಿಪಿ ಬರೆದು ಸಂಯೋಜನೆ ಮಾಡುವವರಿಗೆ ಅದು ಸರಿ, ನನಗೆ ಆ ಲಿಪಿ ಬರುವುದಿಲ್ಲ.

ಕೊನೆಯ ದಿನ ರೀಪರ್ ತೆರೆದೆ. ಖಾಲಿ ಪರದೆ. ಒಂದು ಟ್ರ್ಯಾಕ್ ಹಾಕಿ, ಕೆಂಪು ಗುಂಡಿ ಒತ್ತಿ ಹಾಡಿದೆ. ಆ ದಿನದ ಚೀಟಿ ಹೆಚ್ಚುಕಡಿಮೆ ಖಾಲಿ ಉಳಿಯಿತು.

ಆಯ್ಕೆ ಅಲ್ಲಿಗೆ ಮುಗಿಯಿತು. ಆದರೆ ಕೆಲಸಕ್ಕೆ ಹದ ಮಾಡಿಕೊಳ್ಳಲು ಸಮಯ ಬೇಕಾಯಿತು. ಮೊದಲು ಮಾಡಿದ್ದು ಟೈಮ್‌ಬೇಸ್ ಬದಲಾವಣೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು 'ಬೀಟ್ಸ್'ನಿಂದ 'ಟೈಮ್'ಗೆ ಹಾಕಿದರೆ, ಆಮೇಲೆ ಟೆಂಪೊ ಎಷ್ಟು ಬದಲಿಸಿದರೂ ಹಾಡಿದ ದನಿ ಇದ್ದಲ್ಲೇ ಇರುತ್ತದೆ. ಈಗ ನನ್ನ ಕ್ರಮ ಹೀಗಿದೆ. ಹಾಡುಗಾರರು ತಂಬೂರಿ ಶ್ರುತಿಗೆ ಹಾಡುತ್ತಾರೆ. ಆಮೇಲೆ ನಾನು ಕೇಳುತ್ತಾ ತಾಳದ ಒಂದು ಆವರ್ತನದಿಂದ (ಸುತ್ತಿನಿಂದ) ಇನ್ನೊಂದು ಆವರ್ತನದವರೆಗೆ ಗುರುತು ಮಾಡುತ್ತೇನೆ. ಅದನ್ನೇ ಒಂದು ಅಳತೆ (ಮೆಷರ್) ಅಂತ ಹೇಳಿದರೆ ಆ ಜಾಗದ ಟೆಂಪೊವನ್ನು ರೀಪರ್ ಲೆಕ್ಕ ಹಾಕುತ್ತದೆ. ಐದು ನಿಮಿಷದ ಪದಕ್ಕೆ ಈ ಕೆಲಸ ಒಂದು ಗಂಟೆ ಹಿಡಿಯುತ್ತದೆ. ಬೇಸರ ಅನಿಸಬಹುದು. ಆದರೆ ಆಮೇಲೆ ಹಾಕುವ ತಬಲಾ, ಗೆಜ್ಜೆ, ಬೇಸ್ ಎಲ್ಲವೂ ಹಾಡುಗಾರರ ಹಿಂದೆ ನಡೆಯುತ್ತವೆ. ಗೆರೆ ಹಾಡಿನ ಮೇಲೆ ಬೀಳುತ್ತದೆ, ಹಾಡು ಗೆರೆಯ ಮೇಲಲ್ಲ.

ಕೊರತೆಯನ್ನೂ ಹೇಳಬೇಕು. ರೀಪರ್ ಜೊತೆ ವಾದ್ಯಗಳ ನಾದ ಬರುವುದು ತೀರಾ ಕಡಿಮೆ. ತಬಲಾ, ಸಿತಾರ್, ವಯಲಿನ್ ಬೇಕಾದರೆ ಪ್ಲಗಿನ್, ಅಂದರೆ ಒಳಗೆ ಸೇರಿಸಿಕೊಳ್ಳುವ ಬೇರೆ ಸಣ್ಣ ಸಾಫ್ಟ್‌ವೇರ್, ಹುಡುಕಿ ಹಾಕಿಕೊಳ್ಳಬೇಕು. ನನಗೆ ಅದು ತೊಂದರೆಯಾಗಲಿಲ್ಲ, ಏಕೆಂದರೆ ಹಾರ್ಮೋನಿಯಂ, ತಬಲಾ, ಹಲಗೆಯನ್ನು ಮೈಕಿನಿಂದಲೇ ಹಿಡಿಯುತ್ತೇನೆ. ಒಬ್ಬರೇ ಕೂತು ಕೀಬೋರ್ಡಿನಲ್ಲೇ ಎಲ್ಲ ಮಾಡುವವರಿಗೆ ಶುರುವಿನಲ್ಲಿ ಇದು ಬರಿದು ಮನೆ ಅನಿಸುತ್ತದೆ.

ದುಡ್ಡಿನ ವಿಷಯ. ರೀಪರ್ 60 ದಿನ ಪೂರ್ತಿಯಾಗಿ ಬಳಸಿ ನೋಡಲು ಕೊಡುತ್ತದೆ. ನಮ್ಮಂಥ ವ್ಯಕ್ತಿಗಳಿಗೆ ಲೈಸೆನ್ಸ್ 60 ಡಾಲರ್. ಎಫ್ಎಲ್ ಸ್ಟುಡಿಯೊ ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳು ಉಚಿತ, ಅದು ದೊಡ್ಡ ಅನುಕೂಲ. ಆದರೆ ಅದರ ಟ್ರಯಲ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟನ್ನು ಲೈಸೆನ್ಸ್ ಕೊಳ್ಳುವವರೆಗೆ ಮತ್ತೆ ತೆರೆಯಲು ಬರುವುದಿಲ್ಲ. ಟ್ರಯಲ್‌ನಲ್ಲಿ ಶುರು ಮಾಡಿದ್ದನ್ನು ಅಂದೇ ಆಡಿಯೊ ಫೈಲ್ ಆಗಿ ತೆಗೆದಿಟ್ಟುಕೊಳ್ಳಿ. ಕಳ್ಳ ಕಾಪಿ ಮಾತ್ರ ಬೇಡ. ಒಂದು ಅಂಗಡಿಯಲ್ಲಿ ಹಾಕಿಸಿಕೊಂಡಿದ್ದೆ, ವೈರಸ್ ಬಂದು ಒಂದು ನಾಟಕದ ಹಾಡುಗಳೆಲ್ಲ ಹೋದವು. ಪ್ರದರ್ಶನಕ್ಕೆ ಆರು ದಿನ ಉಳಿದಿತ್ತು. ಎಲ್ಲವನ್ನೂ ಹೊಸದಾಗಿ ಹಾಡಿಸಿದೆವು.

ನಮ್ಮ ಊರಿನ ಸ್ಥಿತಿಗೂ ಸಾಫ್ಟ್‌ವೇರಿಗೂ ಸಂಬಂಧ ಇದೆ. ಇದು ಭತ್ತದ ನಾಡು, ಸುತ್ತ ರೈಸ್‌ಮಿಲ್‌ಗಳ ಸದ್ದು. ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಕಷ್ಟ. ಹಾಗಾಗಿ ನಾನು ಹಾಡಿಸುವುದು ಬೆಳಗಿನ ಜಾವ ನಾಲ್ಕೂವರೆಯಿಂದ ಆರರವರೆಗೆ. ಒಂದೂವರೆ ಗಂಟೆಯಲ್ಲಿ ಹತ್ತು ನಿಮಿಷ ಮೆನು ಹುಡುಕುತ್ತಾ ಹೋದರೆ ಒಂದು ನುಡಿ ಹೋದಂತೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೇ ನಡೆಸುತ್ತೇನೆ. ನಮ್ಮ ಹಳೆಯ ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲ, ಚಾರ್ಜರ್ ಇದ್ದರೆ ಗುಂಯ್ ಅನ್ನುವ ಸದ್ದು ಒಳಗೆ ಬರುತ್ತದೆ. ಕಿತ್ತರೆ ಹೋಗುತ್ತದೆ. ಇನ್ನೊಂದು ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಎಷ್ಟು ದನಿ ತುಂಬಿಕೊಂಡು ಮುಂದೆ ಕಳಿಸುತ್ತದೆ ಅನ್ನುವ ಲೆಕ್ಕ. ಸೆಕೆಂಡಿಗೆ 44,100 ಸ್ಯಾಂಪಲ್ (ದನಿಯ ಅತಿ ಸಣ್ಣ ತುಣುಕು) ದರದಲ್ಲಿ ಬಫರ್ 1024 ಸ್ಯಾಂಪಲ್ ಇದ್ದರೆ ಒಂದು ದಿಕ್ಕಿಗೇ ಸುಮಾರು 23 ಮಿಲಿಸೆಕೆಂಡ್ ತಡ. ಹಾಡುವವರಿಗೆ ಇಯರ್‌ಫೋನಿನಲ್ಲಿ ತಮ್ಮ ದನಿ ಹಿಂದೆ ಬಿದ್ದಂತೆ ಕೇಳಿ ತಾಳ ತಪ್ಪುತ್ತದೆ. ಹಾಡಿಸುವಾಗ 128ಕ್ಕೆ ಇಳಿಸುತ್ತೇನೆ, ಮಿಕ್ಸ್ ಮಾಡುವಾಗ ಮತ್ತೆ ಏರಿಸುತ್ತೇನೆ.

ಬಳ್ಳಾರಿಯಲ್ಲಿರುವ ನನ್ನ ಅಕ್ಕನ ಮಗನದ್ದು ಪೂರ್ತಿ ಬೇರೆ ದಾರಿ. ಅವನು ಮೇಜು ತಟ್ಟುತ್ತಾ ಯೋಚಿಸುವ ಹುಡುಗ. ಮೊದಲು ಬೀಟ್, ಆಮೇಲೆ ಬೇಸ್, ಮಾತು ಕೊನೆಗೆ. "ಮಾಮಾ, ರೀಪರ್ ತೆರೆದ್ರ ನನಗ ಏನೂ ಹೊಳೆಯಂಗಿಲ್ಲ" ಅಂತಾನೆ. ಅವನಿಗೆ ಎಫ್ಎಲ್ ಸ್ಟುಡಿಯೊನೇ ಸರಿ. ಅದರಲ್ಲಿ ಅವನ ಕೈ ಓಡುವುದು ನೋಡಿದರೆ ಖುಷಿಯಾಗುತ್ತದೆ. ಕೊಳ್ಳುವಾಗ ಪ್ರೊಡ್ಯೂಸರ್ ಆವೃತ್ತಿಯನ್ನೇ ತಗೋ ಅಂದೆ, ಏಕೆಂದರೆ ಅತಿ ಕಡಿಮೆ ಬೆಲೆಯ ಆವೃತ್ತಿಯಲ್ಲಿ ಆಗ ದನಿ ರೆಕಾರ್ಡ್ ಮಾಡಿ ಜೋಡಿಸಲು ಬರುತ್ತಿರಲಿಲ್ಲ.

ಈಗ ನಾವಿಬ್ಬರೂ ಒಂದು ನಾಟಕಕ್ಕೆ ಕೂಡಿ ಕೆಲಸ ಮಾಡುತ್ತಿದ್ದೇವೆ. ಪ್ರಾಜೆಕ್ಟ್ ಫೈಲ್ ಒಂದರಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಹಾಗಾಗಿ ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಶುರುವಾಗುವಂತೆ ವೇವ್ ಫೈಲ್ ಮಾಡಿ ಕಳಿಸುತ್ತೇವೆ. ಎಲ್ಲವನ್ನೂ ಎಡತುದಿಗೆ ಹಚ್ಚಿದರೆ ತಾನಾಗಿ ಕೂರುತ್ತವೆ. ಫೈಲಿನ ಹೆಸರಲ್ಲೇ ಶ್ರುತಿ ಬರೆಯುತ್ತೇವೆ: 'ಪಲ್ಲವಿ, ಕಪ್ಪು ಎರಡು', ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ. ನಿನ್ನೆ ರಾತ್ರಿ ಅವನಿಂದ ಏಳು ಮಾತ್ರೆಯ ಒಂದು ಬೀಟ್ ಬಂದಿದೆ. ಅದರ ಮೇಲೆ ನಾನು ಇನ್ನೂ ಹಾಡಿ ನೋಡಬೇಕು.