ಹಳೆ ವಿಮಾನ ಪತ್ರಿಕೆ ಕೂಡಿಡುತ್ತೀರಾ? ಮಲೆನಾಡಿನ ಮಳೆಗೆ ಮೊದಲು ಸಿದ್ಧರಾಗಿ

ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ನಮ್ಮ ಕಡೆಯ ಹುಡುಗರಿಗೆ ಹಳೆ ವಿಮಾನ ಪತ್ರಿಕೆ, ತಾಂತ್ರಿಕ ವರದಿ ಕೂಡಿಡುವ ಆಸೆ ಹುಟ್ಟಿದೆ. ನನಗಂತೂ ತುಂಬಾ ಖುಷಿ. ಆದರೆ ಕಷ್ಟಪಟ್ಟು ತಂದದ್ದು ಮೊದಲ ಮಳೆಗಾಲದಲ್ಲೇ ಬೂಷ್ಟು ಹಿಡಿದು ಹೋಗುವುದನ್ನು ಮೂರು ನಾಲ್ಕು ಮನೆಗಳಲ್ಲಿ ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೂಡಿಡಲು ಒಂದು ಸರಣಿ ಆರಿಸಿಕೊಳ್ಳಿ. ಸಿಕ್ಕಿದ್ದೆಲ್ಲ ತರಬೇಡಿ. 1909ರಲ್ಲಿ ಶುರುವಾದ ಬ್ರಿಟನ್ನಿನ ವಾರಪತ್ರಿಕೆ ‘ಫ್ಲೈಟ್’ ಆಗಬಹುದು. 1915ರಿಂದ 1958ರವರೆಗೆ ಇದ್ದ ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಸಿಎಯ ವರದಿಗಳಾಗಬಹುದು. ಮುಂದೆ ನಾಸಾ ಆಗಿದ್ದು ಇದೇ ಸಂಸ್ಥೆ. ಹೊಸಬರು ಎನ್‌ಎಸಿಎಯಿಂದಲೇ ಶುರು ಮಾಡಿ. ಪ್ರತಿ ವರದಿಗೂ ಸಂಖ್ಯೆ ಇದೆ, ಯಾವುದು ಇದೆ ಯಾವುದು ಇಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ಹುಡುಕಲು ಬೆಂಗಳೂರಿನ ಅವೆನ್ಯೂ ರಸ್ತೆ, ಊರಿನ ಗುಜರಿ ಅಂಗಡಿ, ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ಮನೆ. ಗ್ರಂಥಾಲಯದ ಮೊಹರು ಇದ್ದು, ಪಕ್ಕದಲ್ಲಿ ‘ರದ್ದು’ ಎಂಬ ಗುರುತು ಇಲ್ಲದಿದ್ದರೆ ಮುಟ್ಟಬೇಡಿ.

ದುಡ್ಡು ಕೊಡುವ ಮುಂಚೆ ಪುಟ ಎಣಿಸಿ. ಎನ್‌ಎಸಿಎ ವರದಿಗಳ ಸ್ಕ್ಯಾನ್ ಪ್ರತಿಗಳನ್ನು ನಾಸಾ ಪುಕ್ಕಟೆ ಇಟ್ಟಿದೆ. ಮೊಬೈಲಿನಲ್ಲಿ ಸಂಖ್ಯೆ ಹಾಕಿ, ಪಕ್ಕದಲ್ಲಿಟ್ಟು ನೋಡಿ. ಉದಾಹರಣೆಗೆ 1933ರ 460ನೇ ವರದಿ. 78 ಬಗೆಯ ರೆಕ್ಕೆ ಆಕಾರಗಳನ್ನು ಗಾಳಿ ಸುರಂಗದಲ್ಲಿ, ಅಂದರೆ ಜೋರು ಗಾಳಿ ಹಾಯಿಸುವ ಕೊಳವೆಯಲ್ಲಿ, ಪರೀಕ್ಷಿಸಿ ಬರೆದದ್ದು. ಅದರ ಗ್ರಾಫ್ ಪುಟಗಳು ಹೋಗಿದ್ದರೆ ಉಳಿದದ್ದು ಬರೀ ಮುನ್ನುಡಿ, ಅಲ್ವಾ? ‘ಫ್ಲೈಟ್’ ಬೈಂಡ್ ಪ್ರತಿಗಳಲ್ಲಿ ಇನ್ನೊಂದು ತೊಂದರೆ. ಬೈಂಡ್ ಮಾಡಿಸುವಾಗ ಎಷ್ಟೋ ಕಡೆ ಹೊದಿಕೆ, ಜಾಹೀರಾತು ಪುಟಗಳನ್ನು ಕಿತ್ತು ಬಿಸಾಕಿದ್ದಾರೆ. ಯಾರು ಯಾವ ಎಂಜಿನ್ ಮಾರುತ್ತಿದ್ದರು ಅಂತ ತಿಳಿಯುವುದು ಆ ಪುಟಗಳಿಂದಲೇ. ನಾನಾದರೆ ಹರಿದಿದ್ದರೂ ಬಿಡಿ ಸಂಚಿಕೆಯನ್ನೇ ಕೊಳ್ಳುತ್ತೇನೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬಂದೆವು. ತಂದ ಕಾಗದವನ್ನು ನೇರ ಕಪಾಟಿಗೆ ಹಾಕಬೇಡಿ. ಒಂದು ವಾರ ಬೇರೆ ಕೋಣೆಯಲ್ಲಿಡಿ. ಗಾಳಿಯ ತೇವಾಂಶ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ, ಒಂದು ತೆಗೆದುಕೊಳ್ಳಿ. ಶೇ 65 ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ನಮ್ಮಲ್ಲಿ ಆಷಾಢದ ಮಳೆಯಲ್ಲಿ ಮುಳ್ಳು ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಹಾಗಂತ ಅಂಗಳದ ಬಿಸಿಲಿಗೆ ಹಾಕಬೇಡಿ. ಹಳೆ ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ಅಡಿಕೆ ಒಣಗಿಸುವ ಒಲೆ ಮೇಲಿನ ಅಟ್ಟವೂ ಬೇಡ, ಮಸಿ ಕೂರುತ್ತದೆ. ಹಾಳೆಗಳನ್ನು ಬಿಡಿಸಿ ನಿಲ್ಲಿಸಿ, ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಸಣ್ಣಗೆ ಬಿಡಿ.

ಫೋಟೊ ಅಚ್ಚಾದ ಹೊಳಪಿನ ಕಾಗದ ನೆನೆದಿದ್ದರೆ ತಡ ಮಾಡಲೇಬೇಡಿ. ಒಣಗಿತೋ, ಪುಟಗಳು ಒಂದಕ್ಕೊಂದು ಕಚ್ಚಿಕೊಂಡು ಹಲಗೆಯಂತಾಗುತ್ತವೆ, ಮತ್ತೆ ಬಿಡಿಸಲಾಗುವುದಿಲ್ಲ. ಒದ್ದೆ ಇರುವಾಗಲೇ ಪ್ರತಿ ಪುಟದ ನಡುವೆ ಬಟರ್ ಪೇಪರ್ ಇಡಿ. ಅಷ್ಟು ಹೊತ್ತಿಲ್ಲವೇ? ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ, ಪುರುಸೊತ್ತಾದಾಗ ತೆಗೆದು ಬಿಡಿಸಬಹುದು. ಬೂಷ್ಟು ಬಂದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಕಾಗದದೊಳಗೆ ಇಳಿಯುತ್ತದೆ. ಪೂರ್ತಿ ಒಣಗಲಿ. ಆಮೇಲೆ ಮಾಸ್ಕ್ ಹಾಕಿಕೊಂಡು, ಮನೆ ಹೊರಗೆ, ಮೆತ್ತನೆ ಬ್ರಷ್‌ನಿಂದ ನಿಮ್ಮಿಂದ ಆಚೆಗೆ ತಳ್ಳಿ.

ಆಮೇಲೆ ಪಿನ್. ತುಕ್ಕು ಹಿಡಿದ ಪಿನ್ ಸುತ್ತ ಕಾಗದ ಕಂದು ಬಣ್ಣಕ್ಕೆ ತಿರುಗಿ ಕೊನೆಗೆ ಉದುರುತ್ತದೆ. ಹಲ್ಲಿರುವ ಪಿನ್ ರಿಮೂವರ್ ಹಾಕಿ ಎಳೆದರೆ ಕಾಗದವೂ ಜತೆಗೆ ಬರುತ್ತದೆ. ಸಂಚಿಕೆಯನ್ನು ನಡುಪುಟಕ್ಕೆ ತೆರೆಯಿರಿ. ಪಿನ್ನಿನ ಕಾಲಿನ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ. ಮೊಂಡು ಚಾಕುವಿನ ತುದಿಯಿಂದ ಒಂದೊಂದೇ ಕಾಲು ಎತ್ತಿ ನೇರ ಮಾಡಿ. ಕಾಲು ತುಂಡಾದರೆ ಸುಮ್ನೆ ಬಿಡಿ, ತುಕ್ಕಿನ ಚೂರನ್ನು ಆಮೇಲೆ ಚಿಮ್ಮಟದಲ್ಲಿ ತೆಗೆಯಬಹುದು. ಸಂಚಿಕೆ ತಿರುವಿ, ಬೆನ್ನಿನ ಕಡೆಯಿಂದ ಪಿನ್ನನ್ನು ನೆಟ್ಟಗೆ ಎಳೆಯಿರಿ. ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರದಿಂದ ಹೊಲಿಯಿರಿ. ಮೊದಲ ಸಂಚಿಕೆಗೆ ಒಂದು ಗಂಟೆ ಹಿಡಿದರೂ ಚಿಂತೆಯಿಲ್ಲ.

ಲ್ಯಾಮಿನೇಶನ್, ಸೆಲ್ಲೋ ಟೇಪ್ ಎರಡೂ ಬೇಡವೇ ಬೇಡ. ಹಿಂದೊಮ್ಮೆ ಮಡಚಿಟ್ಟ ದೊಡ್ಡ ನಕ್ಷೆಯೊಂದನ್ನು ಅಂಗಡಿಯೊಂದರಲ್ಲಿ ಲ್ಯಾಮಿನೇಟ್ ಮಾಡಿಸಿದ್ದೆ. ಎರಡೇ ವರ್ಷಕ್ಕೆ ಒಳಗೆ ಗುಳ್ಳೆ ಎದ್ದಿತು. ಬಿಡಿಸಲು ಹೋದರೆ ಶಾಯಿಯೇ ಕಿತ್ತು ಬಂತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಹರಿದ ಅಂಚಿಗೆ ತೆಳು ಜಪಾನಿ ಕಾಗದ, ಗೋಧಿ ಗಂಜಿಯ ಅಂಟು ಸಾಕು.

ಇಡುವುದು ಸುಲಭ. ಗೋಡೆಗೆ ತಾಗದ ಸ್ಟೀಲ್ ಬೀರು, ಅದರಲ್ಲಿ ಮುಚ್ಚಳದ ಡಬ್ಬಿ, ಡಬ್ಬಿಗೊಂದು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಕಿತ್ತಳೆ ಬಣ್ಣದ್ದನ್ನೇ ತನ್ನಿ. ಅದು ಹಸಿರಾದರೆ ಬಿಸಿ ಮಾಡಿ ಮತ್ತೆ ಬಳಸಿ. ಕಾಗದ ಪೂರ್ತಿ ಒಣಗದೆ ಮುಚ್ಚಳ ಹಾಕಬೇಡಿ. ನುಸಿಗುಳಿಗೆ ನಾನು ಹಾಕುವುದಿಲ್ಲ, ಆ ವಾಸನೆ ಕಾಗದ ಬಿಟ್ಟು ಹೋಗುವುದೇ ಇಲ್ಲ.

ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ವರದಿಯ ಮೇಲೆ ಪೆನ್ನು ತಾಗಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ಮೂಸಿ ನೋಡಿ. ಮಳೆಗಾಲದಲ್ಲಿ ಮೂಲೆಗೆ ಬಿದ್ದ ಗೋಣಿಚೀಲದ ಮುಗ್ಗಲು ವಾಸನೆ ಬಂದರೆ, ಅವತ್ತೇ ಎಲ್ಲವನ್ನೂ ಹೊರಗೆ ತೆಗೆದು ಫ್ಯಾನ್ ಹಾಕಿ.